ಮಂಗಳೂರು ಬಂದರಿನ ಲೆಕ್ಕದ ಪುಸ್ತಕ ನಮ್ಮ ಅಟ್ಟದಲ್ಲಿದೆ: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಚಿಕ್ಕಮಗಳೂರು ಜಿಲ್ಲೆ

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಹಾಸನ, ಕಾಫಿ ಮಂಡಳಿ, ಎರಡೂ ಜಿಲ್ಲೆಗಳ ತೋಟದ ಮನೆಯವರು

ವಿಷಯ: ತೋಟದ ಆಫೀಸುಗಳ ಹಳೆಯ ಪುಸ್ತಕ, ನಕ್ಷೆ, ಫೋಟೋಗಳು ಗುಜರಿಗೆ ಹೋಗುತ್ತಿರುವ ಬಗ್ಗೆ

ಮಾನ್ಯರೇ,

ಮಂಗಳೂರಿನ ಹಳೆಯ ಫೋಟೋಗಳನ್ನು ನೋಡಬೇಕೆಂದರೆ ಈಗ ಸ್ವಿಟ್ಜರ್ಲೆಂಡಿಗೆ ಹೋಗಬೇಕಾಗಿಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ತೆಗೆದ, ತೆಗೆಸಿದ ಚಿತ್ರಗಳನ್ನು ಬಾಸೆಲ್ ನಗರದ ಪತ್ರಾಗಾರವೇ ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ ಬಂದ ದಾಖಲೆಗಳಿವೆ. ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಅಲ್ಲಿನ ಆಡಳಿತದ ಹಳೆಯ ಕಡತಗಳನ್ನು ಹುಡುಕುವವರು ಚೆನ್ನೈನ ಎಗ್ಮೋರಿನ ಪತ್ರಾಗಾರದ ಮೆಟ್ಟಿಲು ಹತ್ತುತ್ತಾರೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವೂ ಇದೆ. ಅಂದರೆ ಬಂದರಿನ ಹಳೆಯ ದಾಖಲೆಗಳನ್ನು ನೋಡಿಕೊಳ್ಳುವವರು ಯಾರೋ ಒಬ್ಬರು ಇದ್ದಾರೆ. ನಾನು ಬರೆಯುತ್ತಿರುವುದು ಆ ಬಂದರಿನ ಇನ್ನೊಂದು ಅರ್ಧದ ಬಗ್ಗೆ. ಅದು ಸಮುದ್ರದ ಹತ್ತಿರ ಇಲ್ಲ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು, ಸಕಲೇಶಪುರ, ಹಾನುಬಾಳುಗಳ ತೋಟದ ಬಂಗಲೆಗಳ ಅಟ್ಟದ ಮೇಲಿದೆ. ಅಲ್ಲಿಂದ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತಿದೆ.

ನಾನು ತೋಟದಲ್ಲಿ ರೈಟರ್, ಅಂದರೆ ಗುಮಾಸ್ತನ ಕೆಲಸ ಮಾಡಿ ನಿವೃತ್ತನಾದವನು. ಚೆಕ್‌ರೋಲ್ (ಆಳುಗಳ ಹಾಜರಿ, ಸಂಬಳದ ಪುಸ್ತಕ), ಚೀಟಿ, ಇನ್‌ವಾಯ್ಸ್, ಕಣದ ಲೆಕ್ಕ, ಮೇಸ್ತ್ರಿಯ ಮುಂಗಡದ ಪುಸ್ತಕ, ಇವೇ ನನ್ನ ವಿದ್ಯೆ. ಆದ್ದರಿಂದ ಹಳೆಯ ಬಂದರಿನ ಫೋಟೋ ಯಾರಾದರೂ ಮೊಬೈಲಿನಲ್ಲಿ ಕಳಿಸಿದಾಗ ಎಲ್ಲರೂ ಮಂಜಿ ಎಂಬ ಸರಕಿನ ದೋಣಿ, ಹಾಯಿ, ದೋಣಿ ತಂಗುವ ದಕ್ಕೆ ಎಂದು ಮೆಚ್ಚುತ್ತಿದ್ದರೆ ನಾನು ಚಿತ್ರದಲ್ಲಿ ಚೀಲಗಳಿವೆಯೇ ಎಂದು ಹುಡುಕುತ್ತೇನೆ. ತೋಟದಿಂದ ಹೊರಡುವ ಚೀಲದ ಮೇಲೆ ತೋಟದ ಗುರುತು ಬರೆಯುವುದು ಹಳೆಯ ಪದ್ಧತಿ. ಎರಡು ಅಕ್ಷರವಿರಬಹುದು, ಒಂದು ವಜ್ರಾಕೃತಿಯೊಳಗಿನ ಅಂಕಿಯಿರಬಹುದು. ಆ ಗುರುತು ತೋಟದ ಇನ್‌ವಾಯ್ಸ್ ಪುಸ್ತಕದಲ್ಲಿಯೂ ಇರುತ್ತದೆ; ಎಷ್ಟು ಚೀಲ, ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಚೆರಿಯೋ (ಹಣ್ಣನ್ನೇ ಒಣಗಿಸಿದ್ದು), ಯಾವ ತಾರೀಖು, ಯಾರ ಗಾಡಿ ಎಂಬುದು ಅದರ ಪಕ್ಕದಲ್ಲೇ ಇರುತ್ತದೆ. ‘ಮಂಗಳೂರು ಬಂದರು, ಸುಮಾರು 1900’ ಎಂದು ಸುಮಾರಿನಲ್ಲೇ ನಿಂತಿರುವ ಚಿತ್ರಕ್ಕೆ ನಿಜವಾದ ವರ್ಷ ಕೊಡಬಲ್ಲ ಕಾಗದ ಘಟ್ಟದ ಮೇಲಿದೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಚಿತ್ರ ಒಂದು ಖಂಡದಲ್ಲಿ, ಅದರ ಅಡಿಬರಹ ಇನ್ನೊಂದು ಖಂಡದಲ್ಲಿ. ಮೊದಲನೆಯದನ್ನು ತಣ್ಣನೆಯ ಕೋಣೆಯಲ್ಲಿ ಇಟ್ಟಿದ್ದಾರೆ. ಎರಡನೆಯದನ್ನು ಗೆದ್ದಲು ಓದುತ್ತಿದೆ.

ಘಟ್ಟದ ಮೇಲಿನ ನಮ್ಮ ಸೀಮೆ, ಕೆಳಗಿನ ಮಂಗಳೂರು, ಈ ಎರಡು ಊರುಗಳ ನಂಟು ಎಷ್ಟು ಗಟ್ಟಿಯಾದದ್ದು ಎಂಬುದನ್ನು ತಾವು ಹೊರಜಿಲ್ಲೆಯಿಂದ ಬಂದವರಾಗಿದ್ದರೆ ಸ್ವಲ್ಪ ವಿವರಿಸಬೇಕಾಗುತ್ತದೆ. ಬಾಬಾಬುಡನ್‌ಗಿರಿಯ ಇಳಿಜಾರಿನಲ್ಲಿ ಥಾಮಸ್ ಕ್ಯಾನನ್ ಎಂಬಾತ ತೋಟ ಮಾಡಿದ್ದು, ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಸುತ್ತ, ಗ್ರೀನ್ ಎಂಬ ದೊರೆ ಕಾಫಿ ಹಾಕಿದ್ದು, ಎಲ್ಲವೂ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಆಚೀಚೆ. ‘ಕ್ಯಾನನ್ಸ್ ಮೈಸೂರು’ ಎಂಬ ಗುರುತಿಗೆ ಲಂಡನ್ ಪೇಟೆಯಲ್ಲಿ ಒಳ್ಳೆಯ ಬೆಲೆಯಿತ್ತು. ಆದರೆ ಇಲ್ಲಿಂದ ಲಂಡನ್ನಿಗೆ ಹೋಗುವ ದಾರಿ ಬೆಂಗಳೂರಿನ ಕಡೆಗಿರಲಿಲ್ಲ, ಘಟ್ಟ ಇಳಿಯುತ್ತಿತ್ತು. ಮೂಡಿಗೆರೆಯ ಕಡೆಯವರಿಗೆ ಕೊಟ್ಟಿಗೆಹಾರ, ಚಾರ್ಮಾಡಿ, ಬೆಳ್ತಂಗಡಿ. ಸಕಲೇಶಪುರದವರಿಗೆ ಶಿರಾಡಿ, ಉಪ್ಪಿನಂಗಡಿ. ರಸ್ತೆ ಒಳ್ಳೆಯದಾಗುವ ಮೊದಲು ಹೇರೆತ್ತುಗಳ ಬೆನ್ನ ಮೇಲೆ, ಆಮೇಲೆ ಗಾಡಿಗಳಲ್ಲಿ. ನೇತ್ರಾವತಿಯ ದಂಡೆಯ ಬಂಟ್ವಾಳ ಮೈಸೂರು ಸೀಮೆಯ ಸರಕಿಗೆ ದೊಡ್ಡ ತಂಗುದಾಣವಾಗಿತ್ತು. ಅಲ್ಲಿಂದ ಮುಂದೆ ದೋಣಿಯಲ್ಲಿಯೂ ಇಳಿಯುತ್ತಿತ್ತು. ಮಂಗಳೂರಿನಲ್ಲಿ ಕ್ಯೂರಿಂಗ್: ಬಿಸಿಲಿಗೆ ಹರಡಿ ಒಣಗಿಸುವುದು, ಸಿಪ್ಪೆ ತೆಗೆಯುವುದು, ಗಾತ್ರ ಬೇರೆ ಮಾಡುವುದು, ಸಾಲಾಗಿ ಕುಳಿತ ಹೆಂಗಸರು ಕಪ್ಪುಬೀಜ ಹೆಕ್ಕುವುದು.

ಮಳೆಗಾಲದಲ್ಲಿ ಅಳಿವೆ ದಾಟಲಾಗದೆ ಬಂದರು ಸುಮ್ಮನಾಗುತ್ತಿತ್ತು. ಹಳೆಯ ಬಂದರಿನೊಳಗೆ ದೊಡ್ಡ ಹಡಗು ಬರುವಂತಿರಲಿಲ್ಲ. ಹೊರಗೆ ಲಂಗರು ಹಾಕಿದ ಹಡಗಿಗೆ ದೋಣಿಗಳಲ್ಲಿ ಸರಕು ತುಂಬಬೇಕಿತ್ತು. ನಮ್ಮ ಕೊಯ್ಲು ಮುಗಿದು ಮುಂದಿನ ಮುಂಗಾರು ಹಿಡಿಯುವುದರೊಳಗೆ ಇದೆಲ್ಲ ಆಗಬೇಕು. ಆ ಅವಸರ ಹಳೆಯ ಪತ್ರಗಳ ಪ್ರತಿ ಸಾಲಿನಲ್ಲಿದೆ. ನಾನು ಕೆಲಸಕ್ಕೆ ಸೇರಿದ ತೋಟದಲ್ಲಿ ಪತ್ರಗಳನ್ನು ನಕಲು ಮಾಡಿಡುವ ತೆಳು ಹಾಳೆಯ ಪುಸ್ತಕಗಳಿದ್ದವು. ‘ಗಾಡಿ ಸಿಗುತ್ತಿಲ್ಲ’, ‘ಚೀಲ ಕಳಿಸಿ’, ‘ಮಳೆ ಹಿಡಿಯಿತು, ಉಳಿದದ್ದು ಮುಂದಿನ ಸಾಲಿಗೆ’. ಬಂದರಿನ ಇತಿಹಾಸವೆಂದರೆ ನನಗೆ ಮೊದಲು ನೆನಪಾಗುವುದು ಆ ಪುಸ್ತಕಗಳೇ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1979ರಲ್ಲಿ ಹಾಸನ–ಮಂಗಳೂರು ರೈಲು ಮಾರ್ಗ ಪೂರ್ಣಗೊಂಡಿತು. ಆ ಹೊತ್ತಿಗೆ ಹಳೆಯ ದಕ್ಕೆಯ ಕಥೆ ಬೇರೆಯದೇ ಆಗಿತ್ತು.

ಇಳಿದ ಗಾಡಿ ಬರಿದಾಗಿ ಹತ್ತುತ್ತಿರಲಿಲ್ಲ. ಉಪ್ಪು, ಒಣಮೀನು, ತೆಂಗಿನಕಾಯಿ, ಹೆಂಚು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮಲೆನಾಡಿನ ಸೋಗೆ, ಹುಲ್ಲಿನ ಮಾಡುಗಳು ನಿಧಾನವಾಗಿ ಕೆಂಪಾದವು. ಮೊದಲ ಮಹಾಯುದ್ಧದ ಕಾಲಕ್ಕೆ ಜರ್ಮನ್, ಸ್ವಿಸ್ ಮಿಷನರಿಗಳ ಕೈಯಿಂದ ಕಾರ್ಖಾನೆಗಳು ತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಹೋದವು. ಹೆಂಚಿನ ಮೇಲಿನ ಅಚ್ಚೂ ಬದಲಾಯಿತು. ನಮ್ಮ ಕಡೆಯ ಯಾವುದೇ ಹಳೆಯ ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಮನೆಯ) ಮಾಡಿನಿಂದ ಒಂದು ಹೆಂಚು ಇಳಿಸಿ ತಿರುಗಿಸಿ ನೋಡಿ. ಯುದ್ಧಕ್ಕೆ ಮೊದಲಿನದೋ ಆಮೇಲಿನದೋ ಎಂದು ಅದೇ ಹೇಳುತ್ತದೆ. ಈಗ ಶೀಟು ಹಾಕಿಸುವವರು ಆ ಹೆಂಚುಗಳನ್ನು ರಸ್ತೆಯ ಗುಂಡಿಗೆ ತುಂಬಿಸುತ್ತಾರೆ.

ಇಷ್ಟು ಒಂದಾಗಿದ್ದ ಎರಡು ಊರುಗಳ ಕಾಗದ ಬೇರೆ ಬೇರೆಯಾದದ್ದು ಗಡಿಯ ದೆಸೆಯಿಂದ. ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿ, ನಾವು ಮೈಸೂರು. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು, ಆಮೇಲೆ ಮತ್ತೆ ಅರಸರ ಕೈಗೆ ಬಂತು. ಹೀಗಾಗಿ ಒಂದೇ ಕಾಫಿಚೀಲಕ್ಕೆ ಘಟ್ಟದ ಮೇಲೆ ಒಂದು ಸರ್ಕಾರದ ಕಾಗದ, ಕೆಳಗೆ ಇನ್ನೊಂದು ಸರ್ಕಾರದ ಕಾಗದ. 1956ರಲ್ಲಿ ಜನ ಒಂದೇ ರಾಜ್ಯಕ್ಕೆ ಬಂದರು, ಕಡತಗಳು ಬರಲಿಲ್ಲ. ಯಾವ ಕಚೇರಿಗೂ ಇದು ತನ್ನ ಪೂರ್ತಿ ಕೆಲಸವೆಂದು ಅನ್ನಿಸದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಎಣಿಕೆ.

ಫೋಟೋ ತೆಗೆಯುವವರು ನಮ್ಮ ಕಡೆ ಬಂದಿರಲಿಲ್ಲವೆಂದಲ್ಲ. 1850ರ ದಶಕದಲ್ಲಿಯೇ ಓಕ್‌ಲಿ ಎಂಬ ಇಂಗ್ಲಿಷ್ ಅಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ಹಳೇಬೀಡಿಗೆ ಬಂದು ಹೊಯ್ಸಳೇಶ್ವರನ ಗೋಡೆಗಳನ್ನು ಚಿತ್ರಿಸಿದ. ಆಗ ಭಾರತಕ್ಕೆ ಆ ವಿದ್ಯೆಯೇ ಹೊಸದು. ಬೇಲೂರು, ಹಳೇಬೀಡುಗಳ ಕಲ್ಲಿಗೆ ಇದ್ದ ಅದೃಷ್ಟ ಅದು. ಹಿಂದೆಯೇ ಶಾಸನತಜ್ಞ ಬಿ.ಎಲ್. ರೈಸ್ ಹಾಸನ, ಕಡೂರು (ಇಂದಿನ ಚಿಕ್ಕಮಗಳೂರು) ಜಿಲ್ಲೆಗಳ ಶಾಸನಗಳನ್ನು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು, 2023ರಲ್ಲಿ ಆ ದೇವಾಲಯಗಳಿಗೆ ಯುನೆಸ್ಕೋ ಮನ್ನಣೆಯೂ ಬಂತು. ಸಂತೋಷ. ಆದರೆ ಹೊಯ್ಸಳರ ದಂಡನಾಯಕನೊಬ್ಬನ ಮೂರು ತಲೆಮಾರಿನ ಹೆಸರು ಹೇಳಬಲ್ಲ ಜಿಲ್ಲೆಯಲ್ಲಿ, ನೂರು ವರ್ಷದ ಹಿಂದೆ ಚಾರ್ಮಾಡಿಯಲ್ಲಿ ಗಾಡಿ ಹೊಡೆದವನ ಹೆಸರು ಕೇಳಿದರೆ ಯಾವ ಇಲಾಖೆಯೂ ಬಾಯಿ ತೆರೆಯುವುದಿಲ್ಲ.

ಹೆಸರಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಹಳೆಯ ಕಾಲದ ಇಂಥ ಚಿತ್ರಗಳಲ್ಲಿ ದೊರೆಗೆ ಹೆಸರಿದೆ, ಪಾದ್ರಿಗೆ ಹೆಸರಿದೆ, ಕೆಲವೊಮ್ಮೆ ಕುದುರೆಗೂ ಇದೆ. ಚೀಲ ಹೊತ್ತವನು ‘ಕೂಲಿ’. ಕಾಫಿ ಹೆಕ್ಕುವವರು ‘ಸ್ಥಳೀಯ ಹೆಂಗಸರು’. ಆ ‘ಕೂಲಿ’ಗೆ ಹೆಸರು ಸಿಗುವುದು ಚೆಕ್‌ರೋಲಿನಲ್ಲಿ. ಘಟ್ಟದ ಕೆಳಗಿನಿಂದ ತುಳು ಮಾತಾಡುವ ಆಳುಗಳು ಕೊಯ್ಲಿಗೆ ಮೇಲೆ ಬರುತ್ತಿದ್ದರು, ಮಳೆಗೆ ಮುಂಚೆ ಊರಿಗೆ ಇಳಿಯುತ್ತಿದ್ದರು. ಅವರನ್ನು ಕರೆತರುವ ಮೇಸ್ತ್ರಿ ಮುಂಗಡ ಕೊಟ್ಟದ್ದನ್ನು ಬರೆದಿಡುತ್ತಿದ್ದ: ಹೆಸರು, ತಂದೆಯ ಹೆಸರು, ಊರು, ಕೊಟ್ಟ ಹಣ, ಹೆಬ್ಬೆಟ್ಟು. ಇಂದಿಗೂ ಪುತ್ತೂರು, ಬೆಳ್ತಂಗಡಿ ಕಡೆಯ ಮನೆಗಳಲ್ಲಿ ‘ನಮ್ಮ ಅಜ್ಜ ಘಟ್ಟಕ್ಕೆ ಹೋಗಿದ್ದರು’ ಎನ್ನುತ್ತಾರೆ. ಯಾವ ತೋಟ, ಯಾವ ವರ್ಷ ಎಂದರೆ ಗೊತ್ತಿರುವುದಿಲ್ಲ. ಗೊತ್ತಿದ್ದ ಪುಸ್ತಕವನ್ನು ನಾವು ಒಲೆಗೆ ಹಾಕಿದ್ದೇವೆ.

ಒಲೆಗೆ ಎನ್ನುವುದು ಅಲಂಕಾರದ ಮಾತಲ್ಲ. ನಾನು ಬಹಳ ವರ್ಷ ಕೆಲಸ ಮಾಡಿದ ಒಂದು ತೋಟ ಕೈ ಬದಲಾಯಿತು. ಹೊಸಬರು ಬಂಗಲೆಯನ್ನು ಹೋಂಸ್ಟೇ ಮಾಡಿದರು. ಆಫೀಸು ಕೋಣೆ ಊಟದ ಕೋಣೆಯಾಯಿತು. ಎರಡು ಮರದ ಕಪಾಟಿನ ಪುಸ್ತಕಗಳಲ್ಲಿ ಒಣಗಿದ್ದು ಗುಜರಿಯವನಿಗೆ, ಒದ್ದೆಯಾದದ್ದು ಬಿಸಿನೀರಿನ ಹಂಡೆಯ ಕೆಳಗೆ. ಕಪಾಟುಗಳನ್ನು ಮಾತ್ರ ಚೆನ್ನಾಗಿ ಪಾಲಿಷ್ ಮಾಡಿಸಿ ಇಟ್ಟುಕೊಂಡಿದ್ದಾರೆ. ಗೋಡೆಯ ತುಂಬ ಈಗ ಹಳೆಯ ಫೋಟೋಗಳಿವೆ. ಬೆಂಗಳೂರಿನಲ್ಲಿ ಕೊಂಡು ತಂದವು. ಅವುಗಳಲ್ಲೊಂದರಲ್ಲಿ ಹೆಂಗಸರು ಬುಟ್ಟಿಗೆ ಚಹಾ ಎಲೆ ಕೀಳುತ್ತಿದ್ದಾರೆ. ಅದರ ಕೆಳಗೆ ‘ಹಳೆಯ ಚಿಕ್ಕಮಗಳೂರು’ ಎಂದು ಬರೆದಿದೆ. ಅತಿಥಿಗಳು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಹೊಸಬರ ಮೇಲೆ ನನಗೆ ಕೋಪವಿಲ್ಲ; ಅವರಿಗೆ ಅದು ಏನೆಂದು ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವು ಸ್ಥಳೀಯರು. ನಮ್ಮ ಆಸಕ್ತಿ ಎಷ್ಟೆಂದರೆ, ‘ದೊರೆಗಳ ಕಾಲದಲ್ಲಿ ಎಷ್ಟು ಶಿಸ್ತಿತ್ತು’ ಎಂದು ನಿಟ್ಟುಸಿರು ಬಿಡುವಲ್ಲಿಗೆ ಮುಗಿಯುತ್ತದೆ. ಆ ಶಿಸ್ತಿನ ಒಳಗನ್ನು ಚೆಕ್‌ರೋಲ್ ತೋರಿಸುತ್ತದೆ. ಅರ್ಧ ದಿನದ ಸಂಬಳ ಕಡಿತ, ಓಡಿಹೋದವನ ಹೆಸರಿಗೆ ಕೆಂಪು ಗೆರೆ, ತೀರದ ಸಾಲ ಮಗನ ಹೆಸರಿಗೆ ವರ್ಗ. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಅಪರಾಧಿಯೆಂದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲು ಬ್ರಿಟಿಷರು 1859ರಲ್ಲಿ ಒಂದು ಕಾಯ್ದೆಯನ್ನೇ ಮಾಡಿದ್ದರು. ಇದನ್ನು ಬಚ್ಚಿಟ್ಟು ಬರೀ ಬಂಗಲೆ, ಬಿಲಿಯರ್ಡ್ಸ್ ಮೇಜು, ಬೇಟೆಯ ಹುಲಿಗಳ ಫೋಟೋ ಸೇರಿಸಿ ‘ಪರಂಪರೆ’ ಎಂದು ಪ್ರದರ್ಶನ ಮಾಡುವುದಾದರೆ ದಯವಿಟ್ಟು ಮಾಡಬೇಡಿ. ಇನ್ನೊಂದು ಕಡೆ, ಆ ಪುಸ್ತಕಗಳಲ್ಲಿ ಜಾತಿಯ ಹೆಸರು, ಸಾಲದ ವಿವರ ಇರುವುದರಿಂದ ಎಲ್ಲವನ್ನೂ ಹಾಗೆಯೇ ಅಂತರ್ಜಾಲಕ್ಕೆ ಹಾಕಿಬಿಡುವುದೂ ಸರಿಯಲ್ಲ. ಮೊದಲು ಉಳಿಯಲಿ. ಯಾರಿಗೆ ಎಷ್ಟು ತೋರಿಸಬೇಕೆಂಬುದನ್ನು ಆಮೇಲೆ ತಿಳಿದವರು ಕೂತು ತೀರ್ಮಾನಿಸಬಹುದು.

ಇದರಿಂದ ಜಿಲ್ಲೆಗೆ ಏನು ಲಾಭ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ, ಅದೇ ಜಿಐ ಟ್ಯಾಗ್, ಸಿಕ್ಕಿತು. ಅದಕ್ಕೂ ಮೊದಲೇ ಮಾನ್ಸೂನ್ಡ್ ಮಲಬಾರ್ ಕಾಫಿಗೆ ಸಿಕ್ಕಿತ್ತು. ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದು ಬಣ್ಣ ಬದಲಾದ ಬೀಜದ ರುಚಿಯನ್ನು ಈಗ ಕರಾವಳಿಯ ಗೋದಾಮುಗಳಲ್ಲಿ ಮುಂಗಾರು ಗಾಳಿಗೆ ಒಡ್ಡಿ ತರುತ್ತಾರೆ. ಇಂಥ ಮಾನ್ಯತೆಗೆ ಅರ್ಜಿ ಹಾಕುವಾಗ ಈ ಬೆಳೆ ಈ ನೆಲದ್ದೇ ಎಂಬುದಕ್ಕೆ ಇತಿಹಾಸದ ಪುರಾವೆ ಕೊಡಬೇಕು. ನಾಳೆ ಇನ್ನೊಂದು ಬೆಳೆಗೆ, ಇನ್ನೊಂದು ಗಿರಿಗೆ ಅರ್ಜಿ ಹಾಕುವವರು ಪುರಾವೆಗೆ ಲಂಡನ್ನಿಗೆ ಪತ್ರ ಬರೆಯಬೇಕೇ? ಲಾಭ ಕೇಳುವವರಿಗೆ ಇಷ್ಟು ಸಾಕೆಂದುಕೊಳ್ಳುತ್ತೇನೆ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಿದ್ದೇನೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕೇಂದ್ರದ ಶಾಸನಬದ್ಧ ಮಂಡಳಿಗಳಿಗೂ ಅನ್ವಯವಾಗುತ್ತದೆ. ಪ್ರತಿ ಸಂಸ್ಥೆಯೂ ಒಬ್ಬ ದಾಖಲೆ ಅಧಿಕಾರಿಯನ್ನು ಗೊತ್ತುಮಾಡಬೇಕು, ನಿಯಮ ಬಿಟ್ಟು ಕಾಗದ ನಾಶ ಮಾಡುವಂತಿಲ್ಲ. 1942ರ ಕಾಯ್ದೆಯ ಕೆಳಗೆ ನಡೆಯುವ ಕಾಫಿ ಮಂಡಳಿ ಇದರೊಳಗೆ ಬರುತ್ತದೆ. ಬೆಳೆಗಾರರು ಬೆಳೆದ ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೇ, ಅಂದರೆ ಒಟ್ಟು ಸಂಗ್ರಹಕ್ಕೇ, ಕೊಡಬೇಕಾಗಿದ್ದ ಕಾಲ 1990ರ ದಶಕದಲ್ಲಿ ಮುಗಿಯಿತು. ಆ ಅರ್ಧ ಶತಮಾನದ ಪೂಲಿನ ಕಾಗದಗಳು ಈಗ ಯಾರ ದಿನನಿತ್ಯದ ಕೆಲಸಕ್ಕೂ ಬೇಡ. ಬೇಡವಾದ ಕಾಗದಕ್ಕೆ ಏನಾಗುತ್ತದೆ ಎಂಬುದನ್ನು ಮೇಲೆ ಬರೆದಿದ್ದೇನೆ. ಮಂಡಳಿಯವರು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ, ಹಾಸನ, ಚಿಕ್ಕಮಗಳೂರಿನ ಕಚೇರಿಗಳಲ್ಲಿ ಏನೇನಿದೆ ಎಂಬುದರ ಒಂದು ಪಟ್ಟಿಯನ್ನು ಮಾಡಿ ಸಾರ್ವಜನಿಕರ ಮುಂದಿಟ್ಟರೆ ಅರ್ಧ ಕೆಲಸ ಆದಂತೆ. ಖಾಸಗಿ ತೋಟದ ಕಾಗದಕ್ಕೆ ಮಾತ್ರ ಈ ಕಾಯ್ದೆಯ ಬಲವಿಲ್ಲ. ಅಲ್ಲಿ ಮನವೊಲಿಸುವುದೇ ದಾರಿ, ಮಾನ್ಯರೇ. ಅದಕ್ಕೇ ತಮಗೆ ಬರೆಯುತ್ತಿದ್ದೇನೆ. ಜಿಲ್ಲಾಧಿಕಾರಿಯ ಸಹಿಯಿರುವ ಪತ್ರ ಬಂದರೆ ಅಟ್ಟದ ಏಣಿ ತಾನಾಗಿ ಇಳಿಯುತ್ತದೆ.

ನಾನು ಕೇಳುವುದು ವಸ್ತುಸಂಗ್ರಹಾಲಯವನ್ನಲ್ಲ. ಕಟ್ಟಡ ಎಂದ ಕೂಡಲೇ ಜಾಗ, ಟೆಂಡರು, ಶಂಕುಸ್ಥಾಪನೆ ಎಂದು ಐದು ವರ್ಷ ಹೋಗುತ್ತದೆ. ತಾಲ್ಲೂಕು ಗ್ರಂಥಾಲಯಗಳಲ್ಲಿ ಒಂದು ಮೇಜು, ಒಂದು ಒಳ್ಳೆಯ ಸ್ಕ್ಯಾನರ್, ಹಳೆಯ ಕೈಬರಹ ಓದಬಲ್ಲ ಒಬ್ಬರು. ತೋಟದವರು ಬೆಳಿಗ್ಗೆ ಪುಸ್ತಕ ತರಲಿ, ಪ್ರತಿ ಮಾಡಿಕೊಂಡು ಸಂಜೆಗೆ ಮೂಲವನ್ನು ಅವರ ಕೈಗೇ ಕೊಡಲಿ. ಮೂಲ ಕೊಡಿ ಎಂದರೆ ಯಾರೂ ತರುವುದಿಲ್ಲ. ಆಸ್ತಿಯ ವ್ಯಾಜ್ಯವಿರುವ ಮನೆಯವರಂತೂ ಗೇಟೇ ತೆರೆಯುವುದಿಲ್ಲ. ಪ್ರತಿಗಳ ಒಂದು ಕಂತೆ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಲಿ, ಇನ್ನೊಂದು ಜಿಲ್ಲೆಯಲ್ಲಿಯೇ ಇರಲಿ. ಬ್ರಿಟಿಷ್ ಲೈಬ್ರರಿಯು ಅಳಿವಿನಂಚಿನ ದಾಖಲೆಗಳ ಪ್ರತಿ ಮಾಡಿಸಲು 2004ರಿಂದ ಧನಸಹಾಯ ಕೊಡುತ್ತಿದೆ, ಮೂಲ ಪ್ರತಿಗಳು ದೇಶ ಬಿಟ್ಟು ಹೋಗಬಾರದೆಂಬುದು ಅದರ ಷರತ್ತು. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗದವರು ಅರ್ಜಿ ಹಾಕಬಹುದು. ಮಂಗಳೂರಿನವರನ್ನೂ ಕರೆಯಿರಿ. ಬಲ್ಮಠದ ಪಟ್ಟಿಯನ್ನೂ ನಮ್ಮ ಪಟ್ಟಿಯನ್ನೂ ಒಂದೇ ಮೇಜಿನ ಮೇಲಿಟ್ಟು ಕೂತರೆ, ಬಾಸೆಲ್‌ನಲ್ಲಿರುವ ಒಂದೊಂದು ಚಿತ್ರಕ್ಕೂ ಇಲ್ಲಿಂದಲೇ ಅಡಿಬರಹ ಬರೆದು ಕಳಿಸಬಹುದು. ಲೈನ್ ಮನೆಗಳ, ಅಂದರೆ ತೋಟದ ಆಳುಗಳ ಸಾಲುಮನೆಗಳ, ಹಿರಿಯರನ್ನು ಮರೆಯಬೇಡಿ. ಸಾಹುಕಾರರ ಮನೆಯ ಆಲ್ಬಮ್ಮಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತವರು ಯಾರೆಂದು ಸಾಹುಕಾರರಿಗೆ ಗೊತ್ತಿರುವುದಿಲ್ಲ, ಅವರಿಗೆ ಗೊತ್ತಿರುತ್ತದೆ.

ತೋಟದ ಮನೆಯವರಿಗೂ ಎರಡು ಮಾತು. ನಿಮ್ಮಲ್ಲಿ ಇರುವುದು ಏನೂ ಅಲ್ಲವೆಂದು ನೀವೇ ತೀರ್ಪು ಕೊಡಬೇಡಿ. ಮಳೆ ಅಳೆದ ಪುಸ್ತಕ, ಗಾಡಿ ಬಾಡಿಗೆಯ ಚೀಟಿ, ಕ್ಯೂರಿಂಗ್‌ನವರ ರಸೀದಿ, ತೋಟದ ಬ್ಲಾಕ್ ನಕ್ಷೆ ಎಲ್ಲವೂ ಬೇಕು. ಫೋಟೋವನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಹರಿದದ್ದಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ; ಆ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಚಿತ್ರವನ್ನೇ ತಿನ್ನುತ್ತದೆ. ಹಿಂಬದಿಯಲ್ಲಿ ಹೆಸರು ಬರೆಯುವುದಾದರೆ ಪೆನ್ನು ಬೇಡ, ಮೆತ್ತನೆಯ ಪೆನ್ಸಿಲ್ ಸಾಕು. ಗಾಜಿನ ಫಲಕದ ನೆಗೆಟಿವ್ ಸಿಕ್ಕರೆ ಕಿಟಕಿಯ ಗಾಜಿನಂತೆ ನೀರು ಹಾಕಿ ಒರೆಸಬೇಡಿ: ಚಿತ್ರವಿರುವುದು ಅದರ ಮೇಲಿನ ತೆಳು ಲೇಪದಲ್ಲಿ, ನೀರು ತಾಗಿದರೆ ಎದ್ದುಬರುತ್ತದೆ. ಅಂಚು ಹಿಡಿದು ಎತ್ತಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ. ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಏನನ್ನೂ ಇಡಬೇಡಿ. ಅಡುಗೆಮನೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವವರಿದ್ದಾರೆ. ಹೊಗೆಯೂ ಕಾಗದಕ್ಕೆ ಒಳ್ಳೆಯದಲ್ಲ.

ಮಾನ್ಯರೇ, ಮುಂಗಾರು ಹಿಡಿಯುವ ಮೊದಲು ಮೂಡಿಗೆರೆಯಲ್ಲಿ ಒಂದು, ಸಕಲೇಶಪುರದಲ್ಲಿ ಒಂದು ಶಿಬಿರ ಏರ್ಪಡಿಸಿದರೆ ಸಾಕು, ಉಳಿದದ್ದು ಅಲ್ಲಿ ಬಂದ ರಾಶಿ ನೋಡಿ ತೀರ್ಮಾನವಾಗುತ್ತದೆ. ಓದುವವರ ಕೊರತೆಯೆಂದು ಹೇಳಬೇಡಿ. ನನ್ನಂಥ ನಿವೃತ್ತ ರೈಟರುಗಳು ಇನ್ನೂ ಒಂದಷ್ಟು ಜನ ಇದ್ದೇವೆ. ಯಾವ ತೋಟದಲ್ಲಿ ಯಾವ ಸಂಕ್ಷಿಪ್ತ ಅಕ್ಷರಕ್ಕೆ ಏನರ್ಥ, ಯಾವ ರೈಟರನ ಏಳು ಒಂದರಂತೆ ಕಾಣುತ್ತಿತ್ತು ಎಂಬುದು ನಮಗೆ ಗೊತ್ತು. ಸಂಬಳ ಬೇಡ, ಬಸ್ ಚಾರ್ಜ್ ಮತ್ತು ಮಧ್ಯಾಹ್ನದ ಊಟ ಕೊಟ್ಟರೆ ಬರುತ್ತೇವೆ. ಶಿಬಿರದ ದಿನಾಂಕವನ್ನು ಪತ್ರಿಕೆಯಲ್ಲಿ ಹಾಕಿಸುವಾಗ ಗುಜರಿ ಅಂಗಡಿಯವರಿಗೂ ಒಂದು ಪ್ರತಿ ಕಳಿಸಿ. ಈಗ ಅವರಲ್ಲಿರುವಷ್ಟು ಹಳೆಯ ದಾಖಲೆ ಜಿಲ್ಲೆಯ ಯಾವ ಕಚೇರಿಯಲ್ಲೂ ಇರಲಾರದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ತೋಟದ ರೈಟರ್,
ಮೂಡಿಗೆರೆ ತಾಲ್ಲೂಕು